ಹನ್ನೆರಡು ವೋಲ್ಟಿನ ಕಾವಲು

ಆಗಸ್ಟಿನ ಹವಲ್ಲಿ. ಮಧ್ಯಾಹ್ನ ಎರಡಕ್ಕೆ
ಕರೆಂಟು ಹೋಯಿತು. ಓಣಿಯ ಏಸಿಗಳೆಲ್ಲ
ಒಟ್ಟಿಗೇ ಉಸಿರು ಬಿಟ್ಟವು.
ಅಂಗಡಿಯ ಗಾಜು ಮುಟ್ಟಿದರೆ ಕಾದ ಕಾವಲಿ.
ಕಾಲು ಗಂಟೆಗೆ ಮರಳಿ ಬಂತು,
ಬರಬಾರದ ಹಾಗೆ ಬಂತು:
ಬಲ್ಬು ಒಮ್ಮೆ ಬೆಳ್ಳಗೆ ಉರಿದು ಠಪ್ಪೆಂದಿತು,
ಕೆಳಗಿನ ಶವರ್ಮಾದವನ ಫ್ರಿಜ್ಜು ಕೆಮ್ಮಿ ಸುಮ್ಮನಾಯಿತು.

ಸಂಜೆ ಬಂದರು ಟೈಪಿಂಗ್ ಸೆಂಟರಿನ ಶೌಕಿ ಸಾಹೇಬರು,
ಟವೆಲಿನಲ್ಲಿ ಸುತ್ತಿ, ಬಿಸಿ ಖುಬೂಸು ತರುವ ಹಾಗೆ
ಹಾರ್ಡ್ ಡಿಸ್ಕು ತಂದರು.
"ನೋಡು ಶೀನ, ಅರ್ಧ ಹವಲ್ಲಿಯ ಇಕಾಮಾ ಇದರಲ್ಲಿದೆ."
ನನ್ನ ಹೆಸರು ಅವರ ಭಾಷೆಯಲ್ಲಿ ಒಂದಕ್ಷರ ಮಾತ್ರ.
ದಿನಾ ಕರೆದು ನಗುತ್ತಿದ್ದರು. ಇವತ್ತು ನಗಲಿಲ್ಲ.

ಕೇಬಲ್ಲು ಬದಲಿಸಿದೆ. ಇಲ್ಲ.
ಪೋರ್ಟು ಬದಲಿಸಿದೆ. ಇಲ್ಲ.
ಬೇರೆ ಪವರ್ ಸಪ್ಲೈ ಸಿಕ್ಕಿಸಿದೆ,
ಸಿಕ್ಕಿಸಿದ ಕೂಡಲೇ ಅದೇ ಕಣ್ಣು ಮುಚ್ಚಿತು;
ಡಿಸ್ಕು ತೆಗೆದರೆ ಮತ್ತೆ ತೆರೆಯಿತು.
ಸ್ಕ್ರೂಡ್ರೈವರಿನ ಮೊನೆ ಅದರ ಬೆನ್ನಿಗೂರಿ
ಹಿಡಿಯನ್ನು ಕಿವಿಗಿಟ್ಟು ಇನ್ನೊಮ್ಮೆ ಒತ್ತಿದೆ.
ಕಟಕಟ ಇಲ್ಲ. ಏನೂ ಇಲ್ಲ.
ಕಟಕಟ ಅಂದಿದ್ದರೆ ಹೆದರಬೇಕಿತ್ತು, ಮೌನವೇ ವಾಸಿ.

ಗಂಗೊಳ್ಳಿಯಲ್ಲಿ ಅಜ್ಜ ಹೀಗೇ
ಹುಟ್ಟನ್ನು ನೀರಿಗಿಳಿಸಿ ಹಿಡಿಗೆ ಕಿವಿ ಕೊಡುತ್ತಿದ್ದ.
ಅಡಿಯಲ್ಲಿ ಮೀನಿನ ಹಿಂಡು ಗೊಣಗುವುದು ಕೇಳುತ್ತಿತ್ತಂತೆ.
ಕೇಳದೇ ಇದ್ದರೆ? ಅಂದಿದ್ದೆ.
"ಇಲ್ಲೆ ಅಂತಲ್ಲ ಮಗಾ, ನಡುಗೆ ಎಂತದೋ ಅಡ್ಡ ಇತ್ತ್."

ಬೋರ್ಡು ಬಿಚ್ಚಿದೆ.
ಕನೆಕ್ಟರಿನ ಪಕ್ಕ, ಹೊಸ್ತಿಲಲ್ಲೇ,
ಅಕ್ಕಿಕಾಳಿನಷ್ಟು ಕರಿ ಡಯೋಡು.
ಮೀಟರಿನ ಕಡ್ಡಿ ಇಟ್ಟೆ: ಸೊನ್ನೆ. ಕುಂಯ್ ಅಂದಿತು.
ಅದರ ಕೆಲಸ ಇಷ್ಟೇ. ಹನ್ನೆರಡು ವೋಲ್ಟು ಮೀರಿ
ಬಂದದ್ದನ್ನು ತಾನು ಕುಡಿಯುವುದು,
ತೀರಾ ಮೀರಿದರೆ ಸತ್ತು
ಬಾಗಿಲಿಗೆ ಅಡ್ಡ ಬೀಳುವುದು.
ಒಳಗಿನವರು ಕ್ಷೇಮ;
ಬಿದ್ದವನನ್ನು ಎತ್ತುವ ತನಕ ಯಾರೂ ಒಳಗೆ ಹೋಗುವಂತಿಲ್ಲ.

"ಎಲ್ಲ ಆ ಬಖೀತನ ಕೆಲಸ," ಅಂದರು ಶೌಕಿ.
ಬಖೀತ್, ನಮ್ಮ ಬಿಲ್ಡಿಂಗಿನ ಹಾರಿಸ್.
ನೆಲಮಾಳಿಗೆಗಿಳಿದು ಬ್ರೇಕರು ಎತ್ತಿದವನು ಅವನೇ.
ನ್ಯೂಟ್ರಲಿನ ತಂತಿ ಸಡಿಲಿದೆ ಅಂತ
ರಂಜಾನಿನಿಂದ ಹೇಳುತ್ತಿದ್ದವನೂ ಅವನೇ.
ನನಗೆ ಗೊತ್ತು, ಮಾಲೀಕರಿಗೂ ಗೊತ್ತು.
ಆದರೂ ಎಂಟು ಮಹಡಿಯ ಸುಟ್ಟ ಟಿವಿಗಳಿಗೆ
ಒಬ್ಬ ಬೇಕಲ್ಲ.

ನಾನು ಏನೂ ಅನ್ನಲಿಲ್ಲ. ಬೆಸುಗೆ ಕಡ್ಡಿ ಕಾದಿತ್ತು.
ಚಿಮಟದಲ್ಲಿ ಡಯೋಡು ಎತ್ತಿ ಪಕ್ಕಕ್ಕಿಟ್ಟೆ,
ಬೋರ್ಡು ಕೂರಿಸಿ ಪವರ್ ಕೊಟ್ಟೆ.
ಹಿಡಿಯೊಳಗಿಂದ, ದೂರದಿಂದ,
ಸಣ್ಣಗೆ ಏರುವ ಗುಂಯ್.
ಹಿಂಡು ಸಿಕ್ಕಿತು ಅಜ್ಜ.

ಪರದೆ ತುಂಬ ಬಿಳಿ ಹಿನ್ನೆಲೆಯ ಮುಖಗಳು,
ನಗಬೇಡಿ ಅಂತ ಹೇಳಿಸಿಕೊಂಡ ಮುಖಗಳು.
ಡ್ರೈವರು, ಅಡಿಗೆಯವಳು, ಒಂದೇ ಊರಿನ ನಾಲ್ಕು ನರ್ಸುಗಳು,
ಮೀಸೆಯಿದ್ದ ಕಾಲದ ನಾನು.
"ಬೇಗ ಕಾಪಿ ಮಾಡಿಸಿ. ಈಗ ಇದಕ್ಕೆ ಕಾವಲಿಲ್ಲ,
ಇನ್ನೊಮ್ಮೆ ಹಾಗೆ ಬಂದರೆ ನೇರ ಒಳಗೇ," ಅಂದೆ.
"ಮೊದಲು ಒಂದು ಅರ್ಜೆಂಟು," ಅಂದರು ಶೌಕಿ.
"ಬಖೀತನ ಹಳೆ ಫಾರಂ ತೆಗಿ.
ನಂಬರು ಬೇಕು. ಇಕಾಮಾ ರದ್ದು ಮಾಡಿಸಬೇಕಂತೆ,
ಮಾಲೀಕರು ಕಾಯುತ್ತಿದ್ದಾರೆ."

ಸಿಕ್ಕಿತು. ಎಲ್ಲವೂ ಸರಿಯಾಗಿ ಸಿಕ್ಕಿತು.
ಹನ್ನೊಂದು ವರ್ಷ ಹಿಂದಿನ ಬಖೀತ್,
ಕತ್ತಿನ ಗುಂಡಿ ತನಕ ಹಾಕಿಕೊಂಡವನು.
ಪ್ರಿಂಟು ಕೊಟ್ಟೆ.
ಐದು ದಿನಾರು ತೆಗೆದುಕೊಂಡೆ, ಚಿಲ್ಲರೆ ಎಣಿಸಿಕೊಂಡೆ.

ರಾತ್ರಿ ಮೆಟ್ಟಿಲ ಬುಡದಲ್ಲಿ
ಅವನ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಚಹಾದ ಲೋಟ.
ಲಿಫ್ಟು ಸರಿಯಾಗಿಯೇ ನಡೆಯುತ್ತಿತ್ತು.
ನಾನು ಆರು ಮಹಡಿ ಮೆಟ್ಟಿಲು ಹತ್ತಿದೆ.